ಗವರ್ನರ್ ಬಾಯಾರು

ಟೆಕ್ಸಾಸಿನ ಗಾಳಿಗೆ ನಮ್ಮ ಹಿತ್ತಲಿನ ಬೇಲಿ ಅಡ್ಡ ಮಲಗಿದ ದಿನವೂ ಅವರ ಕೂದಲು ಮಾತ್ರ ಅಲ್ಲಾಡಿರಲಿಲ್ಲ. ಹತ್ತಿಯಷ್ಟು ಬೆಳ್ಳಗಿನ ಕೂದಲನ್ನು ಮೇಲಕ್ಕೆತ್ತಿ, ಸುರುಳಿ ಮಾಡಿ, ಮೇಲಿಂದ ಸ್ಪ್ರೇ ಹೊಡೆದು ಕೂರಿಸಿಬಿಟ್ಟಿರುತ್ತಿದ್ದರು. ಬಿದ್ದ ಬೇಲಿಯ ಆಚೆ ನಿಂತು ನನ್ನನ್ನು ನೋಡಿ, "ಹೋದರೆ ಹೋಗಲಿ ಬಿಡು, ಈಗ ನಿನ್ನ ಕರಿಬೇವಿನ ಗಿಡ ನನಗೂ ಕಾಣುತ್ತೆ" ಅಂದರು. ಆಸ್ಟಿನ್ನಿನಲ್ಲಿ ಮನೆ ತಗೊಂಡು ವರ್ಷವಾಗಿದ್ದರೂ ಪಕ್ಕದ ಮನೆಯವರ ಜೊತೆ ನಾನು ಆಡಿದ ಮೊದಲ ಸರಿಯಾದ ಮಾತು ಅದು. ಆ ಬೇಲಿಯನ್ನು ನಾವು ಮತ್ತೆ ಎಬ್ಬಿಸಲೇ ಇಲ್ಲ.

ಅವರಿಗೆ ಎಂಬತ್ತು ದಾಟಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬನೇ ಮಗ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್‌ನಲ್ಲಿ ತೈಲ ಕಂಪನಿಯ ಕೆಲಸದಲ್ಲಿದ್ದ. ನಾನು ಪಕ್ಕದ ಟೇಲರ್ ಊರಿನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಗೆ ಹೋದ ಮೇಲೆ ಮನೆಯಲ್ಲಿರುತ್ತಿದ್ದವರು ನಮ್ಮ ಅತ್ತೆ. ಧಾರವಾಡದವರು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪೌರನೀತಿ ಹೇಳಿಕೊಟ್ಟು ರಿಟೈರ್ ಆದವರು. ಇಬ್ಬರಿಗೂ ಬಲುಬೇಗ ಗಳಸ್ಯ ಕಂಠಸ್ಯ ಆಯಿತು. ಇವರ ಇಂಗ್ಲಿಷು ಅವರಿಗೆ ಅರ್ಧ, ಅವರ ಟೆಕ್ಸಾಸ್ ರಾಗ ಇವರಿಗೆ ಕಾಲು. ನಾನು "ಅತ್ತೆ" ಅನ್ನುವುದನ್ನು ಕೇಳಿ ಕೇಳಿ ಅದೇ ಹೆಸರು ಅಂದುಕೊಂಡು, ಅವರು ಕೊನೆಯವರೆಗೂ "ಆಟೆ, ಆಟೆ" ಅಂತಲೇ ಕರೆದರು. ಅತ್ತೆ ಅವರಿಗೆ ಇಟ್ಟ ಹೆಸರು ಗವರ್ನರ್ ಬಾಯಾರು. ಧಾರವಾಡದ ಕಡೆ ಗೌರವಸ್ಥ ಹೆಂಗಸರನ್ನು ಬಾಯಾರು ಅನ್ನುತ್ತಾರೆ. ಗವರ್ನರ್ ಹೇಗೆ ಸೇರಿಕೊಂಡಿತು ಅನ್ನುವುದೇ ಈ ಕಥೆ.

ಅವರ ಒಂದು ಅಭ್ಯಾಸ ನನಗೆ ಮೊದಮೊದಲು ಅತಿ ಅನ್ನಿಸುತ್ತಿತ್ತು. ಹಿಂಬಾಗಿಲಿಗೆ ಯಾರೇ ಬರಲಿ, ಹುಲ್ಲು ಕತ್ತರಿಸುವವನಾಗಲಿ, ಪಾರ್ಸೆಲ್ ತಂದವಳಾಗಲಿ, ಮೊದಲು ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಐಸ್ ಹಾಕಿದ ನೀರು ಕೊಟ್ಟು, ಅವರು ಕುಡಿದಾದ ಮೇಲೆಯೇ ಏನು ಬಂದಿದ್ದು ಅಂತ ಕೇಳುತ್ತಿದ್ದರು. ಆಲಿಕಲ್ಲು ಬಿದ್ದ ಮಾರನೇ ದಿನ ಹೊಸ ಛಾವಣಿ ಹಾಕಿಸಿ ಅಂತ ಮನೆಮನೆ ಸುತ್ತುತ್ತಾರಲ್ಲ, ಅಂಥವನ ಮುಖದ ಮೇಲೆ ನಾನು ಬಾಗಿಲು ಹಾಕಿದ್ದೆ. ಅವನು ಬಾಯಾರ ಹಿತ್ತಲಲ್ಲಿ ಆರಾಮಾಗಿ ಕೂತು, ನೀರು ಕುಡಿಯುತ್ತಾ, ತನ್ನ ಹೆಂಡತಿಯ ಬೆನ್ನುನೋವಿನ ವಿಷಯ ಹೇಳುತ್ತಿದ್ದ. "ಮ್ಯಾಮ್, ಇವರನ್ನೆಲ್ಲ ಹೀಗೆ ಕೂರಿಸಿಕೊಂಡರೆ ಆಗುತ್ತಾ?" ಅಂದೆ. "ಮೊದಲು ಕೂರಿಸು ಹನಿ, ಆಮೇಲೆ ಕೇಳು" ಅಂದರು, ಅಷ್ಟೆ.

ಅವರ ಹಾಲ್‌ನಲ್ಲಿ ದೊಡ್ಡದೊಂದು ಕಪ್ಪುಬಿಳುಪು ಫೋಟೋ ಇತ್ತು. ಸೂಟು ತೊಟ್ಟ ಎತ್ತರದ ಗಂಡಸು ಹೊಸ ಸೇತುವೆಯ ರಿಬ್ಬನ್ ಕತ್ತರಿಸುತ್ತಿದ್ದಾರೆ. ಪಕ್ಕದಲ್ಲಿ ಬಿಳಿ ಕೈಗವಸು ತೊಟ್ಟ ಪುಟ್ಟ ಹುಡುಗಿ ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾಳೆ. ಅತ್ತೆ ಒಂದು ದಿನ ಅದು ಯಾರು ಅಂತ ನನ್ನ ಕೈಲಿ ಕೇಳಿಸಿದರು. "ನಮ್ಮಪ್ಪ. ಗವರ್ನರ್ ಆಗಿದ್ದರು" ಅಂದರು. ಟೆಕ್ಸಾಸಿಗಲ್ಲ, ಬೇರೆ ರಾಜ್ಯಕ್ಕೆ. ಯಾವುದು ಅಂತ ಬರೆಯುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ. ಆ ಅಪ್ಪ ಹಳ್ಳಿಯ ಔಷಧದಂಗಡಿಯವನ ಮಗ, ಓದಿ ವಕೀಲನಾಗಿ, ಶಾಸನಸಭೆಗೆ ಹೋಗಿ, ಐವತ್ತರ ದಶಕದಲ್ಲಿ ಎರಡು ಸಲ ಗವರ್ನರ್ ಆದವರು. ರೈತರ ಊರುಗಳಿಗೆ ಟಾರು ರಸ್ತೆ, ಮಕ್ಕಳಿಗೆ ಶಾಲೆ ಬಸ್ಸು ತಂದವರು. ಆಮೇಲೆ ಸೆನೆಟ್ಟಿಗೆ ನಿಂತು ಸೋತು, ಮತ್ತೆ ಚುನಾವಣೆಯ ಕಡೆ ತಲೆಹಾಕಲಿಲ್ಲ.

ಅತ್ತೆಯ ಒಳಗಿದ್ದ ಟೀಚರು ಎದ್ದು ಕೂತರು. "ನಮ್ಮಲ್ಲೂ ಗವರ್ನರ್ ಇರ್ತಾರ್ರಿ ಬಾಯಾರ, ರಾಜ್ಯಪಾಲ ಅಂತೀವಿ. ನಾಮಮಾತ್ರದ ಮುಖ್ಯಸ್ಥ. ಮಂತ್ರಿಮಂಡಳ ಏನ್ ಬರದು ಕಳಸ್ತದೋ ಅದಕ್ಕ ಸಹಿ ಹಾಕೋದು. ಒಲ್ಲೆ ಅನ್ನೂ ಹಂಗಿಲ್ಲ, ಪಾಪ." ನನ್ನ ಕಡೆ ತಿರುಗಿ, "ಹೇಳವಾ ಅವರಿಗೆ" ಅಂದರು. ಇದು ಇಂಡಿಯಾದ ಮಾತು ಅಂತ ಸೇರಿಸಿಯೇ ಹೇಳಿದೆ.

ಬಾಯಾರ ಕೈಯಲ್ಲಿದ್ದ ಗ್ಲಾಸು ಅಲ್ಲೇ ನಿಂತಿತು. "ಅಂದರೆ ಅವರು ಬೇಕು ಅಂದರೂ ಏನೂ ಮಾಡೋಕಾಗಲ್ವಾ?"

"ಹೆಚ್ಚುಕಮ್ಮಿ ಇಲ್ಲ ಮ್ಯಾಮ್."

"ಆ ಪದ ಇನ್ನೊಂದು ಸಲ ಹೇಳಿಸು."

ಅತ್ತೆ ಬಿಡಿಸಿ ಬಿಡಿಸಿ ಹೇಳಿದರು. ಬಾಯಾರು ಬಾಯಿಪಾಠ ಮಾಡುವ ಮಗುವಿನಂತೆ ಹೇಳಿಕೊಂಡರು. ರಾಜ್ಯಪಾಲ. ಅವತ್ತಿಂದ ಅದು ಅವರ ಬಾಯಲ್ಲಿ ನಿಂತೇಹೋಯಿತು. ನಮ್ಮ ಮನೆಯ ದಸರಾ ಗೊಂಬೆ ನೋಡಲು ಬಂದು, ಡಲ್ಲಾಸ್ ಹತ್ತಿರದ ಕಾಪೆಲ್‌ನಿಂದ ಬಂದಿದ್ದ ನನ್ನ ಅಣ್ಣನಿಗೆ "ನಾನು ರಾಜ್ಯಪಾಲರ ಮಗಳು" ಅಂತ ಕೈ ಕೊಟ್ಟರು. ಅವನೋ ತಮಾಷೆಯವನು, "ಹಾಗಾದ್ರೆ ನಮ್ಮ ಪಟ್ಟದ ಗೊಂಬೆ ಪಕ್ಕಾನೇ ಕೂತ್ಕೊಳ್ಳಿ" ಅಂದ. ಅದನ್ನು ಅನುವಾದ ಮಾಡಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಗೆ ನಕ್ಕಾಗ ಫೋಟೋದ ಹುಡುಗಿಯ ಹಾಗೆ ಹಲ್ಲು ತೋರಿಸುತ್ತಿರಲಿಲ್ಲ, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು.

ನೀರಿನ ಕಥೆ ಹೇಳಿದ್ದು ಮುಂದಿನ ಬೇಸಿಗೆಯಲ್ಲಿ, ಅದೇ ಹಿಂದಿನ ಮೆಟ್ಟಿಲ ಮೇಲೆ ಕೂತು. ಅವರು ಸಣ್ಣವರಿದ್ದಾಗ ಗವರ್ನರ್ ಬಂಗಲೆಯ ಹಿಂಬಾಗಿಲಿಗೆ ಒಬ್ಬ ಹೆಂಗಸು ಬಂದಿದ್ದಳಂತೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳಂತೆ. ಅವಳ ಮಗನಿಗೆ ಮರಣದಂಡನೆ ಆಗಿತ್ತು. ಅಂಗಡಿ ದರೋಡೆಯಲ್ಲಿ ಗುಂಡು ಹೊಡೆದವನು ಬೇರೆ, ಇವನು ಜೊತೆಗಿದ್ದವನು. ಗವರ್ನರ್ ಸಹಿ ಮಾಡಿದರೆ ಜೀವ ಉಳಿಯುತ್ತಿತ್ತು. ಪುಟ್ಟ ಹುಡುಗಿ ಅವಳಿಗೆ ನೀರು ಕೊಟ್ಟು, "ನಾನು ಡ್ಯಾಡಿಗೆ ಹೇಳ್ತೀನಿ" ಅಂದಳು. ಹೆಂಗಸು ಅವಳ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಹೋದಳು.

"ಬೆಳಿಗ್ಗೆ ತಿಂಡಿಗೆ ಕೂತಾಗ ಹೇಳಿದೆ. ಅಪ್ಪ ಪೇಪರ್ ಕೆಳಗಿಟ್ಟು ಕೇಳಿದ್ದು ಒಂದೇ ಮಾತು. 'ಅವಳನ್ನ ಹಿಂಬಾಗಿಲವರೆಗೂ ಬಿಟ್ಟೋರು ಯಾರು?'"

ಚುನಾವಣೆ ಹತ್ತಿರವಿತ್ತು. ಸಹಿ ಆಗಲಿಲ್ಲ, ಹುಡುಗನನ್ನು ಕೊಂದರು. ಹಾಲ್‌ನಲ್ಲಿದ್ದ ಫೋಟೋ ಅದೇ ವಾರದ್ದು. ಅದನ್ನು ಯಾಕೆ ಗೋಡೆಯ ಮೇಲಿಟ್ಟುಕೊಂಡಿದ್ದೀರಿ ಅಂತ ಕೇಳದೇ ಇರಲು ನನ್ನಿಂದಾಗಲಿಲ್ಲ. "ಅದರಲ್ಲಿ ನಾನು ನಗ್ತಿದ್ದೀನಿ ನೋಡು" ಅಂದರು. ಆಮೇಲೆ ಅತ್ತೆಯ ಮೊಣಕಾಲು ತಟ್ಟಿ, "ಆದರೆ ಆಟೆ ಹೇಳ್ತಾಳಲ್ಲ, ರಾಜ್ಯಪಾಲ" ಅಂದರು. ಅತ್ತೆ ಗಟ್ಟಿಯಾಗಿ ತಲೆಯಾಡಿಸಿದರು. ನಾನು ತಿದ್ದಲು ಹೋಗಲಿಲ್ಲ.

ಅತ್ತೆಗೆ ನಿಜ ತಿಳಿದದ್ದು ನನ್ನ ಮಗಳಿಂದ. ಅವಳು ಸ್ಕೂಲಿನಲ್ಲಿ ಗವರ್ನಮೆಂಟ್ ಪಾಠ ಓದುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅಜ್ಜಿಯ ಪೌರನೀತಿ ಕೇಳಿ, "ನೋ ಅಜ್ಜಿ, ಹಿಯರ್ ಗವರ್ನರ್ ಈಸ್ ಲೈಕ್ ಯುವರ್ ಸಿಎಂ" ಅಂದುಬಿಟ್ಟಳು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಹಂಗಾರ ಬಾಯಾರ ಅಪ್ಪಗ ಅಧಿಕಾರ ಇತ್ತು?"

"ಇತ್ತು ಅತ್ತೆ. ನಾನು ಇಂಡಿಯಾದ್ದು ಅಂತಲೇ ಹೇಳಿದ್ದೆ."

"ಅವರ ಮುಂದ ಈ ಮಾತು ಎತ್ತಬ್ಯಾಡ ಮತ್ತ. ಅದೊಂದ ಪದಾ ಹಿಡಕೊಂಡ ಕುಂತಾರ ಅವರು." ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. ತಪ್ಪು ಪಾಠ ಹೇಳಿಕೊಟ್ಟೆ ಅನ್ನುವ ಸಂಕಟ ಟೀಚರಿಗೆ ಎಷ್ಟು ದೊಡ್ಡದು ಅಂತ ನನಗೆ ಅವತ್ತು ಗೊತ್ತಾಯಿತು.

ಈ ವರ್ಷ ಚಳಿಗಾಲದಲ್ಲಿ ಬಾಯಾರ ಲಿವರ್ ಕೈಕೊಟ್ಟಿತು. ಮಗ ಬಂದು ಹ್ಯೂಸ್ಟನ್ನಿಗೆ ಕರೆದುಕೊಂಡು ಹೋಗಿ, ತನ್ನ ಮನೆಯ ಹತ್ತಿರದ ಹಾಸ್ಪಿಸ್‌ಗೆ ಸೇರಿಸಿದ. ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯಲಿ ಅಂತ ಇರುವ ಜಾಗ ಅದು. ಒಂದು ಶನಿವಾರ ಅತ್ತೆಯನ್ನು ಕರೆದುಕೊಂಡು ಡ್ರೈವ್ ಮಾಡಿದೆ. ಕೋಣೆಗೆ ಹೋದರೆ ನನಗೆ ಗುರುತೇ ಹತ್ತಲಿಲ್ಲ. ಆ ಕೂದಲು ದಿಂಬಿನ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಹಗುರ, ತೆಳು, ಹಸುಗೂಸಿನ ಕೂದಲು. ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ನಮ್ಮ ಅತ್ತೆ ಅಳಲಿಲ್ಲ. ಪರ್ಸಿನಿಂದ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ತೆಗೆದು, ಬೆರಳ ತುದಿಗೆ ಹಚ್ಚಿಕೊಂಡು, ಅವರ ನೆತ್ತಿಗೆ ಮೆಲ್ಲಗೆ ತಿಕ್ಕತೊಡಗಿದರು.

ಬಾಯಾರು ಕಣ್ಣು ತೆರೆದರು. "ಆಟೆಗೆ ಒಂದು ಮಾತು ಹೇಳು. ಆ ಪದ ಅವಳಿಗೇ ವಾಪಸ್ ಕೊಡ್ತಿದ್ದೀನಿ."

"ಯಾವ ಪದ ಮ್ಯಾಮ್?"

"ರಾಜ್ಯಪಾಲ. ಚೆನ್ನಾಗಿತ್ತು. ಏನೂ ಮಾಡೋಕಾಗದ ಒಬ್ಬ ಅಪ್ಪ ಸಿಕ್ಕಿದ್ದ ನನಗೆ. ನಾಲ್ಕು ದಿನ ಅವನನ್ನ ಪ್ರೀತಿಸಿದೆ. ಆದರೆ ನಮ್ಮಪ್ಪ ಅವನಲ್ಲ. ನನಗೆ ಮೊದಲೇ ಗೊತ್ತಿತ್ತು ಹನಿ. ಅವರಿಂದ ಆಗ್ತಿತ್ತು. ಮಾಡಲಿಲ್ಲ."

ಕನ್ನಡದಲ್ಲಿ ಹೇಳಿದೆ. ಅರ್ಧಕ್ಕೇ ಅತ್ತೆ ನನ್ನನ್ನು ತಡೆದರು. "ಇಟಗೊಳ್ಳಿ ಅನ್ನು. ನಾ ಕೊಟ್ಟದ್ದು ವಾಪಸ್ ತಗೊಳ್ಳಾಂಗಿಲ್ಲ."

ಬಾಯಾರು ಬೇಡ ಅನ್ನುವಂತೆ ತಲೆ ಅಲ್ಲಾಡಿಸಿದರು. ಆಮೇಲೆ ಉಸಿರು ಹಿಡಿದು ಹಿಡಿದು ಹೇಳಿದರು. "ಆ ಹುಡುಗನ ಹೆಸರು ಪೇಪರಿನಲ್ಲಿತ್ತು. ಆ ತಾಯಿಯ ಹೆಸರು ಎಲ್ಲೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ಡ್ಯಾಡಿ ಮುಂದೆ 'ಯಾರೋ ಒಬ್ಬ ಹೆಂಗಸು' ಅಂದೆ. ಹೆಸರು ಹಿಡಿದು ಹೇಳಿದ್ದರೆ..." ಮಾತು ಮುಗಿಯಲಿಲ್ಲ. ಅತ್ತೆ ಎಣ್ಣೆ ತಿಕ್ಕುತ್ತಲೇ ಇದ್ದರು. ಬಾಯಾರು ಹಾಗೇ ನಿದ್ದೆ ಹೋದರು. ಆ ವಾರವೇ ತೀರಿಕೊಂಡರು.

ಹ್ಯೂಸ್ಟನ್ನಿನ ಚರ್ಚಿನಲ್ಲಿ ಮಗ ಚೆನ್ನಾಗಿಯೇ ಮಾತಾಡಿದ. ಅಮ್ಮನ ಬಗ್ಗೆ ಎರಡು ಮಾತು, ತಾತನ ಬಗ್ಗೆ ಹತ್ತು. ತಾತನ ಹೆಸರಿನ ಸೇತುವೆ, ತಾತನ ಹೆಸರಿನ ಹೆದ್ದಾರಿ, ತಾತನ ಹೆಸರಿನ ಹೈಸ್ಕೂಲು. ಆ ಫೋಟೋವನ್ನೇ ಹೂವಿನ ನಡುವೆ ಇಟ್ಟಿದ್ದರು. ಇಳಕಲ್ ಸೀರೆಯುಟ್ಟು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಅತ್ತೆ ಎಲ್ಲ ಹೆಸರನ್ನೂ ಗಮನವಿಟ್ಟು ಕೇಳಿದರು.

"ಅಷ್ಟ ಹೆಸರ ಹೇಳಿದ್ರು" ಅಂದರು ಅತ್ತೆ, ಆಸ್ಟಿನ್ನಿಗೆ ವಾಪಸ್ ಬರುವ ದಾರಿಯಲ್ಲಿ. "ಆ ತಾಯೀದೊಂದ ಹೇಳಲಿಲ್ಲ."

"ಯಾರಿಗೂ ಗೊತ್ತಿಲ್ವಲ್ಲ ಅತ್ತೆ."

"ಅದಕ್ಕ ಅಂದೆ" ಅಂತ ಕಿಟಕಿಯ ಕಡೆ ತಿರುಗಿಕೊಂಡರು.

ಪಕ್ಕದ ಮನೆಗೆ ಹೊಸಬರು ಬಂದು, ಮೊದಲ ವಾರವೇ ಬೇಲಿ ಎಬ್ಬಿಸಿದ್ದಾರೆ. ಬಾಯಾರ ಆ ಕುರ್ಚಿಯನ್ನು ಅವರ ಮಗನಿಂದ ಕೇಳಿ ತಂದು ನಮ್ಮ ಹಿಂದಿನ ಮೆಟ್ಟಿಲ ಪಕ್ಕ ಹಾಕಿಕೊಂಡಿದ್ದೇನೆ. ಈಗ ಯಾರೇ ಬಂದರೂ ಕೂರಿಸುತ್ತೇನೆ, ನೀರು ಕೊಡುತ್ತೇನೆ. ಛಾವಣಿಯವನನ್ನೂ ಸೇರಿಸಿ. ಏನು ಬಂದಿದ್ದು ಅಂತ ಕೇಳುವ ಮೊದಲು ಇನ್ನೊಂದು ಕೇಳುತ್ತೇನೆ, ಬಾಯಾರು ಜೀವನವಿಡೀ ಕೊರಗಿದ್ದು ಅದನ್ನು ಕೇಳದೇ ಹೋದದ್ದಕ್ಕೇ. ನಿಮ್ಮ ಹೆಸರೇನು?