ನಮ್ಮ ಮನೆಯ ಮಟಿಲ್ಡಾ

"ಹುಡುಗಿ ಹೆಸರು ಏನಂದ್ರಿ?"

ಗಂಡಿನ ತಾಯಿ ಕೇಳಿದ ಧಾಟಿಗೆ ಕಾಫಿ ಕುಡಿಯುತ್ತಿದ್ದವರೆಲ್ಲ ತಲೆ ಎತ್ತಿದೆವು. ಕಳೆದ ಭಾನುವಾರ, ಕೆ.ಆರ್. ಪುರದ ನನ್ನ ಅಕ್ಕ ಸರೋಜಳ ಮನೆಯಲ್ಲಿ ನಡೆದದ್ದು. ಅವಳ ಮಗಳನ್ನು ನೋಡಲು ಬಂದಿದ್ದರು.

"ಮಟಿಲ್ಡಾ," ಎಂದಳು ಹುಡುಗಿಯೇ.

"ನೀವು ಕ್ರಿಶ್ಚಿಯನ್ನಾ?"

ಅಲ್ಲ. ಅಪ್ಪಟ ಒಕ್ಕಲು ಮನೆತನ, ಮನೆದೇವರು ಮುನೇಶ್ವರ. ಆದರೆ ಶಿವಾಜಿನಗರದ ಆಸ್ಪತ್ರೆಯಲ್ಲಿ ಅಕ್ಕನ ಹೆರಿಗೆ ಕಷ್ಟವಾದಾಗ, ಡ್ಯೂಟಿ ಮುಗಿದರೂ ಮನೆಗೆ ಹೋಗದೆ ಅವಳ ಕೈ ಹಿಡಿದು ನಿಂತವರು ರಿಚರ್ಡ್ಸ್ ಟೌನಿನ ನರ್ಸ್ ಮಟಿಲ್ಡಾ. ಹುಟ್ಟಿದ ಮಗು ಅಳಲಿಲ್ಲ. ಬೆನ್ನುಜ್ಜಿ, ಉಸಿರು ಕೊಟ್ಟು ಅಳಿಸಿದವರೂ ಅವರೇ. ಇವಳಿಗೆ ಅವರದೇ ಹೆಸರು ಎಂದು ಅಕ್ಕ ಹಟ ಹಿಡಿದಳು. (ಹಳೆಯ ಜರ್ಮನ್ ಹೆಸರಂತೆ. ಯುದ್ಧದಲ್ಲಿ ಬಲಶಾಲಿ ಎಂದರ್ಥವಂತೆ. ನೂರಾರು ವರ್ಷಗಳ ಹಿಂದೆ ಯುರೋಪಿನ ರಾಣಿಯರಿಗೆ ಇಡುತ್ತಿದ್ದರಂತೆ. ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.)

ಕಥೆ ಕೇಳಿದ ಗಂಡಿನ ತಾಯಿ ನಕ್ಕರು. "ಅದಕ್ಕೇನ್ ಬಿಡಿ. ಮದುವೆ ದಿನ ಅಕ್ಕಿ ಮೇಲೆ ಬೇರೆ ಹೆಸರು ಬರೆಸಿದ್ರಾಯ್ತು. ಮಾನಸ ಅಂತ ಇಡೋಣ."

ಎಷ್ಟು ಸಲೀಸು! ಕಿಟಕಿಗೆ ಹೊಸ ಕರ್ಟನ್ ಹಾಕಿದ ಹಾಗೆ.

ನರ್ಸಮ್ಮ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಈಗ ರಿಟೈರ್ ಆಗಿದ್ದಾರೆ. ಆ ಮನೆಯ ಯಾವ ಶುಭಕಾರ್ಯವೂ ಅವರಿಲ್ಲದೆ ನಡೆಯುವುದಿಲ್ಲ. "ಚೇಂಜ್ ಮಾಡ್ಕೋ ಕಣ್ಣಾ. ನಂಗೇನೂ ಬೇಜಾರಿಲ್ಲ," ಎಂದರು. ಬೆರಳು ಮಾತ್ರ ಸೆರಗಿನ ಅಂಚನ್ನು ಸುತ್ತುತ್ತಲೇ ಇತ್ತು.

ಹುಡುಗಿ ಎದ್ದು ಅವರ ಪಕ್ಕ ಹೋಗಿ ನಿಂತಳು. "ಸಾರಿ ಆಂಟಿ, ನನ್ನ ಹೆಸರು ನಾನು ಬದಲಾಯಿಸಲ್ಲ," ಎಂದಳು ಗಂಡಿನ ತಾಯಿಗೆ.

ಹುಡುಗ ಅಮ್ಮನ ಮುಖ ನೋಡಿದ. ಆಮೇಲೆ ಮೊಬೈಲ್ ನೋಡಿದ.

ಅಕ್ಕನ ಮಾವ ಪಿಳ್ಳಪ್ಪನವರು ಗಂಟಲು ಸರಿಮಾಡಿಕೊಂಡರು. ನಾಮಕರಣದ ದಿನ ಈ ಹೆಸರು ಬೇಡವೆಂದು ಊಟ ಬಿಟ್ಟಿದ್ದ ಮನುಷ್ಯ.

"ನೋಡಮ್ಮಾ, ಇಷ್ಟು ವರ್ಷ ಈ ಮನೇಲಿ ಕೂಗಿರೋ ಹೆಸರದು. ಹೆಸರು ಒಗ್ಗಲ್ಲ ಅಂದ್ರೆ ಹುಡುಗೀನೂ ಒಗ್ಗಲ್ಲ. ಕೇಸರಿಬಾತ್ ತಿಂದು ಹೊರಡಿ."

"ಫೋನ್ ಮಾಡ್ತೀವಿ" ಎಂದು ಹೊರಟರು. ಮಾಡಲಿಲ್ಲ.

ಕಾರು ತಿರುಗುತ್ತಿದ್ದಂತೆ ಅಕ್ಕ ಕಣ್ಣೊರೆಸಿಕೊಂಡಳು. ತಾಯಿಯಲ್ಲವೇ? ನರ್ಸಮ್ಮನಂತೂ ಅತ್ತೇಬಿಟ್ಟರು. "ನನ್ನಿಂದ ಒಳ್ಳೇ ಸಂಬಂಧ ಹೋಯ್ತಲ್ಲಾ."

"ನಿಮ್ಮಿಂದ ನಾನು ಉಳ್ಕೊಂಡೆ. ಹೋಗಿದ್ದು ಹೋಗ್ಲಿ ಬಿಡಿ ಸಿಸ್ಟರಮ್ಮ," ಎಂದು ಅವರನ್ನು ತಬ್ಬಿಕೊಂಡಳು ಹುಡುಗಿ.

ಅಂದ ಹಾಗೆ, ನಿಮ್ಮ ಹುಡುಗನ ಹೆಸರು ಬದಲಾಯಿಸಿ ಎಂದು ನಾವು ಕೇಳಿದ್ದರೆ?