ಧಾಟಿ ಯಾವುದು ಮೇಡಂ?

ಹಿರಿಯೂರು ಬಸ್ಸಿನ ಕಂಡಕ್ಟರು ನನಗೆ ಉಚಿತ ಟಿಕೆಟ್ ಕೊಟ್ಟು, ನನ್ನ ಕೀಬೋರ್ಡಿಗೆ ಮಾತ್ರ ದುಡ್ಡು ಕೇಳಿದ. ಡಿಸೆಂಬರಿನ ಬೆಳಿಗ್ಗೆ ಏಳೂವರೆ ಗಂಟೆ. ದುರ್ಗದ ಬಸ್ ನಿಲ್ದಾಣದಲ್ಲಿ ಗಾಳಿ ಕಿವಿ ಕೊರೆಯುತ್ತಿತ್ತು.

“ಹೆಂಗಸ್ರಿಗೆ ಫ್ರೀ ಐತ್ರಿ, ಪೆಟ್ಟಿಗೆಗಿಲ್ಲ,” ಎಂದ. “ಏನೈತ್ರಿ ಇದ್ರಾಗೆ?”

“ಕೀಬೋರ್ಡು. ನಾನು ಹಾಡಿಗೆ ರಾಗ ಹಾಕ್ತೀನಿ.”

“ಓ, ಆರ್ಕೆಸ್ಟ್ರಾದವ್ರು,” ಎಂದು ತಾನೇ ತೀರ್ಮಾನ ಮಾಡಿ ಮುಂದಿನ ಸೀಟಿಗೆ ಹೋದ.

ನಾನು ಆರ್ಕೆಸ್ಟ್ರಾದವಳಲ್ಲ. ಹದಿನೈದು ವರ್ಷದಿಂದ ದುರ್ಗದಲ್ಲಿ ಕೂತು ಹೊಸ ರಾಗ ಕಟ್ಟುವುದೇ ನನ್ನ ಕಸುಬು. ಶಾಲೆಯ ಹಾಡು, ಸಂಘದ ಹಾಡು, ಅಂಗಡಿಯ ಜಾಹೀರಾತು, ನಾಟಕದ ಹಿನ್ನೆಲೆ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಯಾರೂ ಕರೆಯದಿದ್ದಾಗ ನನ್ನ ಹಾಡನ್ನು ನಾನೇ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡು, ಕಂಡಕಂಡವರಿಗೆ ಕಾರ್ಡು ಕೊಟ್ಟು, ಇಂಥವಳೊಬ್ಬಳು ಇನ್ನೂ ಬದುಕಿದ್ದಾಳೆ ಎಂದು ಜ್ಞಾಪಿಸುತ್ತಿರುತ್ತೇನೆ. ಹೆಸರು ಕುಸುಮಾವತಿ. ಅಜ್ಜಿಯ ಹೆಸರನ್ನೇ ನನಗೂ ಇಟ್ಟರು.

ಅವತ್ತು ನಾನು ಸಿಟ್ಟಿನಲ್ಲೇ ಬಸ್ಸು ಹತ್ತಿದ್ದೆ. ಅದರ ಮೂಲ ಹಿಂದಿನ ದಿನದ್ದು. ಹೊಳಲ್ಕೆರೆ ಕಡೆಯ ಒಂದು ಶಾಲೆಯ ಸುವರ್ಣ ಮಹೋತ್ಸವಕ್ಕೆ ಅಲ್ಲಿಯ ಮುಖ್ಯೋಪಾಧ್ಯಾಯರು ಒಂದು ಶಾಲಾಗೀತೆ ಬರೆದಿದ್ದರು. ಅದಕ್ಕೆ ಎರಡು ತಿಂಗಳು ಕೂತು ರಾಗ ಕಟ್ಟಿದವಳು ನಾನು. ಆಹ್ವಾನ ಪತ್ರಿಕೆಯ ಕರಡು ಫೋನಿಗೆ ಬಂತು. ಶಾಮಿಯಾನದವರ ಹೆಸರಿತ್ತು, ಮೈಕ್ ಸೆಟ್ಟಿನವರ ಹೆಸರಿತ್ತು, ಊಟಕ್ಕೆ ಅಕ್ಕಿ ಕೊಟ್ಟವರ ಹೆಸರೂ ಇತ್ತು. ಹಾಡಿನ ಜಾಗದಲ್ಲಿ ಮಾತ್ರ ‘ಸಾಹಿತ್ಯ: ಮುಖ್ಯೋಪಾಧ್ಯಾಯರು. ಧಾಟಿ:’ ಎಂದು ಬರೆದು ಮುಂದೆ ಬರೀ ಚುಕ್ಕಿ ಇಟ್ಟಿದ್ದರು.

ನಮ್ಮ ಕಡೆ ಯಾವ ಭಜನೆ ಪುಸ್ತಕ ತೆರೆದರೂ ಪ್ರತಿ ಹಾಡಿನ ನೆತ್ತಿಯ ಮೇಲೆ ‘ಧಾಟಿ’ ಎಂದು ಹಾಕಿ ಒಂದು ಸಿನಿಮಾ ಹಾಡಿನ ಮೊದಲ ಸಾಲು ಬರೆದಿರುತ್ತಾರೆ. ಅಂದರೆ ಮಾತು ನಮ್ಮದು, ರಾಗ ಅಲ್ಲಿಂದ ತಂದದ್ದು. ಮಾತನ್ನು ಒಬ್ಬರು ಬರೆಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ರಾಗವನ್ನೂ ಒಬ್ಬರು ಕೂತು ಮಾಡಬೇಕು ಎಂಬುದು ಮಾತ್ರ ಯಾರ ತಲೆಗೂ ಹೋಗುವುದಿಲ್ಲ. ಫೋನ್ ಮಾಡಿ ನನ್ನ ಹೆಸರೆಲ್ಲಿ ಎಂದು ಕೇಳಿದೆ. “ನಾಳಿದ್ದು ಮಧ್ಯಾಹ್ನ ಪ್ರೆಸ್ಸಿಗೆ ಕೊಡ್ತೀವಿ ಮೇಡಂ, ಅಷ್ಟರಾಗೆ ಬಂದು ಹೇಳ್ರಿ,” ಎಂದರು. ಹೊಳಲ್ಕೆರೆ ದುರ್ಗದಿಂದ ಒಂದು ಗಂಟೆಯ ದಾರಿ. ಆದರೆ ಹಿರಿಯೂರಿಗೂ ಹೊಸದುರ್ಗಕ್ಕೂ ಮೊದಲೇ ಮಾತು ಕೊಟ್ಟಿದ್ದೆ. ಹಾಗಾಗಿ ಎರಡು ದಿನದಲ್ಲಿ ಜಿಲ್ಲೆಯ ಅರ್ಧ ಸುತ್ತು ಹೊಡೆದು, ಎರಡನೇ ದಿನ ಮಧ್ಯಾಹ್ನದೊಳಗೆ ಹೊಳಲ್ಕೆರೆ ತಲುಪಿ, ಆ ಚುಕ್ಕಿಗಳ ಮೇಲೆ ನನ್ನ ಹೆಸರು ಕೂರಿಸುವುದೆಂದು ಹೊರಟೆ.

ಹಿರಿಯೂರಿಗೆ ನಲವತ್ತು ಕಿಲೋಮೀಟರು. ಹೆದ್ದಾರಿಯ ಪಕ್ಕದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಇಳಿದು ಎರಡು ಇಡ್ಲಿ, ಒಂದು ವಡೆ ತಿಂದು ಸೀರೆ ಅಂಗಡಿಗೆ ಹೋದೆ. ಆಟೋದಲ್ಲಿ ಮೈಕ್ ಕಟ್ಟಿಸಿ ಊರೂರು ಸುತ್ತಿಸಲು ಮಾಲೀಕ ನಾಗರಾಜಪ್ಪನವರಿಗೆ ಒಂದು ಹಾಡು ಬೇಕಿತ್ತು. ಗಲ್ಲಾದ ಮುಂದೆಯೇ ಕೀಬೋರ್ಡು ಇಟ್ಟು ನುಡಿಸಿ ಹಾಡಿದೆ. ಸೀರೆ ಮಡಿಸುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ಕೇಳಿದರು. ನಾಗರಾಜಪ್ಪನವರೂ ತಲೆ ಆಡಿಸಿದರು.

“ಚೆನ್ನಾಗೈತೆ ಮೇಡಂ. ಯಾವ ಪಿಚ್ಚರ್‌ದು?”

“ಯಾವ ಪಿಚ್ಚರ್‌ದೂ ಅಲ್ಲ. ನಾನೇ ಮಾಡಿದ್ದು.”

“ಅದು ಗೊತ್ತಾತು. ಯಾವುದ್ರಿಂದ ಮಾಡಿದ್ರಿ ಅಂತ.”

“ಯಾವುದ್ರಿಂದಲೂ ಅಲ್ಲ. ಹೊಸದು.”

ಅವರಿಗೆ ನಂಬಿಕೆ ಬರಲಿಲ್ಲ. ಏನೋ ಮುಚ್ಚಿಡುತ್ತಿದ್ದೇನೆ ಎಂದುಕೊಂಡರೋ ಏನೋ. “ಹೊಸದು ಬ್ಯಾಡ ಮೇಡಂ. ಗೊತ್ತಿರೋ ಧಾಟಿ ಆದ್ರೆ ಜನ ತಿರುಗಿ ನೋಡ್ತಾರೆ. ಗೊತ್ತಿಲ್ದೆ ಇರೋದು ಹಾಕಿದ್ರೆ ಯಾರದೋ ಪ್ರಚಾರ ಹೊಂಟೈತೆ ಅಂತ ಸುಮ್ಕಾಗ್ತಾರೆ,” ಎಂದು ಅಂಗಡಿಯ ರೇಡಿಯೋದಲ್ಲಿ ಆಗಷ್ಟೇ ಮುಗಿದಿದ್ದ ಒಂದು ಸಿನಿಮಾ ಹಾಡು ಗುನುಗಿದರು. ಅದರ ಧಾಟಿಗೆ ಸೀರೆಯ ಮಾತು ಕೂರಿಸಿಕೊಡಬೇಕಂತೆ. ಗೊತ್ತಿರುವ ಸೀರೆಯನ್ನೇ ಜನ ಮತ್ತೆ ಕೊಳ್ಳುತ್ತಾರಾ ಎಂದು ಕೇಳಿದೆ. ಅವರು ನಕ್ಕು ಕಾಫಿ ತರಿಸಿದರು. ನನಗೆ ಮೈಯೆಲ್ಲ ಉರಿಯಿತು. ಆಗುವುದಿಲ್ಲ ಎಂದು ಹೇಳಿ, ಆದರೂ ಕಾಫಿ ಕುಡಿದು, ಅಭ್ಯಾಸ ಬಲದಿಂದ ಒಂದು ಕಾರ್ಡು ಕೊಟ್ಟು ಎದ್ದುಬಂದೆ.

ಹನ್ನೆರಡರ ಹೊತ್ತಿಗೆ ಹೊಸದುರ್ಗದ ಖಾಸಗಿ ಬಸ್ಸು ಸಿಕ್ಕಿತು. ಇಲ್ಲಿ ಹೆಂಗಸಿಗೂ ಟಿಕೆಟ್ಟು, ಪೆಟ್ಟಿಗೆಗೂ ಟಿಕೆಟ್ಟು. ಮರ್ಯಾದೆ ಇಬ್ಬರಿಗೂ ಸಮನಾಗಿ ಸಿಕ್ಕಿತು. ಮಾರಿಕಣಿವೆಯಲ್ಲಿ ಇಳಿದೆ. ಎರಡು ಗುಡ್ಡದ ನಡುವಿನ ಅಣೆಕಟ್ಟೆಯ ಹಿಂದೆ ನೀರು ತುಂಬಿ ನಿಂತಿತ್ತು. ಕರಿದ ಮೀನು ಮಾರುವ ಹೆಂಗಸಿನ ಹತ್ತಿರ ಒಂದು ತಟ್ಟೆ ಊಟ ಮಾಡಿ, ನೀರು ಹಿಂದೆ ಕಾಣುವಂತೆ ಕಲ್ಲಿನ ಮೇಲೆ ಕೂತು ಶಾಲಾಗೀತೆಯ ರಾಗ ನುಡಿಸುತ್ತ ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಈಗ ರಾಗ ಕಟ್ಟಿದರೆ ಸಾಲದು, ಕಟ್ಟುವವಳು ಚೆಂದದ ಜಾಗದಲ್ಲಿ ಕೂತು ನಗಬೇಕು. ಗಾಳಿಗೆ ಸೆರಗು ಹಾರಿ ಮುಖದ ಮೇಲೆ ಬಿದ್ದು ನಾಲ್ಕು ಸಲ ಮತ್ತೆ ಮಾಡಬೇಕಾಯಿತು.

ಮೀನಿನ ಹೆಂಗಸು ಎಲ್ಲ ನೋಡುತ್ತಿದ್ದಳು. “ನಾಕು ಸಲಾನೂ ಒಂದೇ ಹಾಡು ನುಡಿಸಿದ್ರಲ್ಲಕ್ಕ, ಬ್ಯಾರೇದು ಬರಲ್ವಾ?” ಎಂದಳು. ವಿಡಿಯೋ ಕೊನೆಯಲ್ಲಿ ಆ ಮಾತೂ ಸೇರಿಕೊಂಡಿತ್ತು. ಅಳಿಸಿ ಐದನೇ ಸಲ ಮಾಡಿದೆ.

ಹೊಸದುರ್ಗ ತಲುಪಿದಾಗ ನಾಲ್ಕು ಗಂಟೆ. ದಾರಿಯುದ್ದಕ್ಕೂ ತೆಂಗಿನ ತೋಟ, ಬಸ್ಸಿನ ತುಂಬ ಧೂಳು. ಅಲ್ಲಿನ ಒಂದು ಮಹಿಳಾ ಸಂಘದವರು ಹಾಡಿನ ಸ್ಪರ್ಧೆಗೆ ತಯಾರಾಗುತ್ತಿದ್ದರು. ಯಾರು ಯಾವ ಸಾಲು ಹಾಡಬೇಕು, ತಾಳ ಎಲ್ಲಿ ಬರಬೇಕು ಎಂದು ಜೋಡಿಸಿಕೊಡಲು ನನ್ನನ್ನು ಕರೆಸಿದ್ದರು. ಸಂಘದ ಹಿರಿಯಳು ಶಾಂತಕ್ಕ. ಎತ್ತರದ ಆಳು, ದನಿಯೂ ಹಾಗೆಯೇ. “ಬರ್ರಿ ಮೇಡಂ, ಕುಂತ್ಕಳ್ರಿ,” ಎಂದು ಚಾಪೆ ಹಾಸಿ, ಮಂಡಕ್ಕಿ ಮೆಣಸಿನಕಾಯಿ ಕೊಟ್ಟು, ಹಾಡಿನ ನೋಟ್‌ಬುಕ್ಕು ಕೈಗಿಟ್ಟಳು.

ಮೊದಲ ಹಾಡಿನ ಮೇಲೆ ‘ಧಾಟಿ: ಹಾಲು ಉಕ್ಕೈತೆ ನೋಡವ್ವ’ ಎಂದಿತ್ತು. ಬಾಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು. ‘ಹಾಲು ಉಕ್ಕೈತೆ’ ಆರು ವರ್ಷದ ಹಿಂದೆ ಅಂಗನವಾಡಿ ಕಾರ್ಯಕರ್ತೆಯರ ಒಂದು ನಾಟಕಕ್ಕೆ ನಾನು ಮಾಡಿದ ಹಾಡು.

“ಶಾಂತಕ್ಕ, ಇದು ನನ್ನ ರಾಗ,” ಎಂದೆ.

“ನಿಮಗೂ ಬರ್ತತಾ? ಒಳ್ಳೇದಾತು ಬಿಡ್ರಿ, ಕಲಿಸೋದು ತಪ್ಪಿತು.”

“ಬರ್ತದೆ ಅಂತಲ್ಲ. ನಾನು ಮಾಡಿದ್ದು. ನಾನೇ.”

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಇಲ್ಲ ಮೇಡಂ,” ಎಂದಳು ಶಾಂತಕ್ಕ, ಬಹಳ ಮೆತ್ತಗೆ, ಜ್ವರ ಬಂದವರಿಗೆ ಹೇಳುವಂತೆ. “ಇದು ನಮ್ಮಜ್ಜಿ ಕಾಲದ್ದು. ನಮ್ಮತ್ತೆ ಬೀಸೋ ಕಲ್ಲಿನ ಮುಂದೆ ಹಾಡ್ತಿದ್ಲು.”

ಫೋನು ತೆಗೆದು ಆರು ವರ್ಷದ ಹಿಂದಿನ ನನ್ನ ಧ್ವನಿಮುದ್ರಣ ಹಾಕಿದೆ. ಎಲ್ಲರೂ ಕೇಳಿದರು. “ನೀವೂ ಚೆನ್ನಾಗೇ ಹಾಡೀರಿ,” ಎಂದು ಒಬ್ಬಳು ಸಮಾಧಾನ ಹೇಳಿದಳು. ಶಾಂತಕ್ಕನ ಅತ್ತೆ ಹಾಡಿದ್ದನ್ನು ಕೇಳಿದವರು ಅಲ್ಲಿ ನಾಲ್ವರಿದ್ದರು. ಸುಳ್ಳು ಹೇಳುವ ಜನರಲ್ಲ ಅವರು. ಅದೇ ನನಗೆ ಹೊಟ್ಟೆ ಉರಿಸಿದ್ದು. ಕದ್ದವರಾದರೆ ಜಗಳ ಆಡಬಹುದಿತ್ತು. ಇವರು ನನ್ನ ರಾಗವನ್ನು ತಮ್ಮ ಅಜ್ಜಿಗೆ ಕೊಟ್ಟು ಕೈಮುಗಿದು ಕೂತಿದ್ದರು. ಎರಡನೇ ಸಾಲನ್ನು ಬದಲಾಯಿಸಿಕೊಂಡಿದ್ದರು ಬೇರೆ. ನಾನು ಮೇಲಕ್ಕೆ ಒಯ್ದ ಜಾಗದಲ್ಲಿ ಅವರು ಕೆಳಗಿಳಿದು ನಿಲ್ಲುತ್ತಿದ್ದರು. ಕೇಳಲು ನನ್ನದಕ್ಕಿಂತ ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು. ಆರೂವರೆವರೆಗೆ ಅವರಿಗೆ ಹಾಡು ಜೋಡಿಸಿಕೊಟ್ಟು, ಶಾಂತಕ್ಕನ ಮನೆಯಲ್ಲೇ ಮುದ್ದೆ ಉಂಡು ಮಲಗಿದೆ. ಹೊಳಲ್ಕೆರೆಯಲ್ಲಿ ಮಾತ್ರ ಬಿಡಬಾರದು, ಅಚ್ಚಿನಲ್ಲಿ ಹೆಸರು ಬಂದರೆ ಯಾವ ಅಜ್ಜಿಯೂ ಅದನ್ನು ಒಯ್ಯಲಾರಳು ಎಂದುಕೊಂಡೆ.

ಮರುದಿನ ಒಂಬತ್ತರ ಬಸ್ಸು. ಹತ್ತೂಕಾಲಿಗೆಲ್ಲ ಹೊಳಲ್ಕೆರೆಯಲ್ಲಿ ಇಳಿದು, ಆಟೋ ಹಿಡಿದು ಶಾಲೆ ಮುಟ್ಟಿದೆ. ಮುಖ್ಯೋಪಾಧ್ಯಾಯರ ಹೆಸರು ತಿಪ್ಪೇಸ್ವಾಮಿ. ನಿವೃತ್ತಿಗೆ ಎರಡು ವರ್ಷ ಉಳಿದ ಒಳ್ಳೆಯ ಮನುಷ್ಯ. ನಾನು ಎರಡು ದಿನ ಕೂಡಿಸಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು.

“ತಪ್ಪಾತು ಮೇಡಂ. ಧಾಟಿ ಅಂದ್ರೆ ಪಿಚ್ಚರ್ ಹೆಸ್ರು ಹಾಕಬೇಕಲ್ಲ, ಯಾವುದು ಹಾಕಾಣ ಅಂತ ಖಾಲಿ ಬಿಟ್ಟಿದ್ದೆ. ಏನು ಹಾಕಬೇಕೋ ಹೇಳ್ರಿ.”

“ರಾಗ ಸಂಯೋಜನೆ: ಕುಸುಮಾವತಿ, ಚಿತ್ರದುರ್ಗ.”

ಅವರು ಚೀಟಿಯ ಮೇಲೆ ಬರೆದುಕೊಂಡರು. “ದುರ್ಗ ಅಂದ್ರೆ ಸಾಲದಾ? ಎಲ್ರೂ ಹಂಗೇ ಅಂತಾರೆ.”

“ಬೇಡ ಸಾರ್. ಬರೀ ದುರ್ಗ ಅಂದರೆ ಹೊಸದುರ್ಗ ಅಂದ್ಕೊಂಡಾರು. ಪೂರ್ತಿ ಚಿತ್ರದುರ್ಗ ಅಂತಲೇ ಇರಲಿ.” ಊರಿನ ಹೆಸರಿದ್ದರೆ ನೋಡಿದ ನಾಲ್ಕು ಜನ ಹುಡುಕಿಕೊಂಡು ಬಂದಾರು ಎಂಬ ಆಸೆಯೂ ಇತ್ತು. ಅವರು ನನ್ನ ಎದುರಿಗೇ ಆ ಚೀಟಿಯ ಫೋಟೋ ತೆಗೆದು ಪ್ರೆಸ್ಸಿಗೆ ಕಳಿಸಿದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಮಧ್ಯಾಹ್ನ ಮಕ್ಕಳ ಜೊತೆಗೇ ಅನ್ನ ಸಾರು ಉಂಡು, ಬೇವಿನ ಮರದ ಕೆಳಗೆ ಅರವತ್ತು ಮಕ್ಕಳಿಗೆ ಹಾಡು ಕಲಿಸಿದೆ. ‘ಗಂಟೆ ಹೊಡೆದರೆ ಓಡಿ ಬಂದೆವು’ ಎಂಬ ಮೊದಲ ಸಾಲಿಗೆ ರಾಗ ಸಿಗದೆ ಎರಡು ತಿಂಗಳಲ್ಲಿ ಒಂದು ತಿಂಗಳು ಒದ್ದಾಡಿದ್ದೆ. ಮಕ್ಕಳು ಅದನ್ನು ಹತ್ತು ನಿಮಿಷದಲ್ಲಿ ಕಲಿತರು. ಮೂರನೇ ಸಲ ಹಾಡುವಾಗ ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ನಾನು ಮರದ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ನಾಲ್ಕು ಗಂಟೆಗೆ ಆಹ್ವಾನ ಪತ್ರಿಕೆಯ ಕಟ್ಟುಗಳು ಬಂದವು. ಶಿಕ್ಷಕರು ಒಂದೊಂದು ಕಟ್ಟು ಬೈಕಿಗೆ ಹಾಕಿಕೊಂಡು ಹಂಚಲು ಹೊರಟೇಬಿಟ್ಟರು. ಉಳಿದ ಒಬ್ಬ ಶಿಕ್ಷಕಿ ಒಂದು ಪ್ರತಿ ಬಿಚ್ಚಿ ಓದಿ, “ಇದು ಸಿನಿಮಾ ರಾಗ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮೇಡಂ,” ಎಂದರು.

ಕಸಿದುಕೊಂಡು ನೋಡಿದೆ. ‘ಧಾಟಿ: ಕುಸುಮಾವತಿ, ಚಿತ್ರ’ ಎಂದಿತ್ತು.

ತಿಪ್ಪೇಸ್ವಾಮಿಯವರು ಅಲ್ಲೇ ಪ್ರೆಸ್ಸಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. “ರಾಗ ಸಂಯೋಜನೆ ಅಂದ್ರೆ ಉದ್ದ ಆಗ್ತಿತ್ತು ಸಾರ್, ಹೆಂಗೂ ಧಾಟಿ ಅಂತ ಐತಲ್ಲ ಅಂತ ಅದ್ರ ಮುಂದೆ ಹಾಕ್ದೆ,” ಎಂದಿತು ಆ ಕಡೆಯ ದನಿ. “ದುರ್ಗ ಅನ್ನೋದು ಕೆಳಗಿನ ಸಾಲಿಗೆ ಹೋಗ್ತಿತ್ತು. ಚಿತ್ರ ಅಂತ ಬಂತಲ್ಲ, ಗೊತ್ತಾಗ್ತತೆ ಅಂತ ತೆಗ್ದೆ.”

ನಾನು ಕೂಗಾಡಿದೆ. ಮುಚ್ಚುಮರೆ ಯಾಕೆ, ಶಾಲೆಯ ಅಂಗಳದಲ್ಲಿ ನಿಂತು ಕೂಗಾಡಿದೆ. ಸೀರೆ ಅಂಗಡಿಯವರ ಮೇಲಿನದ್ದು, ಶಾಂತಕ್ಕನ ಅತ್ತೆಯ ಮೇಲಿನದ್ದು, ಎಲ್ಲ ಸಿಟ್ಟೂ ಆ ಫೋನಿನ ಮೇಲೆ ಬಿತ್ತು. ತಿಪ್ಪೇಸ್ವಾಮಿಯವರು ತಲೆ ತಗ್ಗಿಸಿ ನಿಂತಿದ್ದರು. “ಅರ್ಧಕ್ಕರ್ಧ ಹಂಚಿ ಹೋಗ್ಯಾವೆ ಮೇಡಂ. ಅವತ್ತು ಮೈಕಿನಾಗೆ ನಿಮ್ಮ ಹೆಸ್ರು ನಾನೇ ಹೇಳ್ತೀನಿ,” ಎಂದರು. ದುರ್ಗ ಸಾಕು ಎಂದು ಅವರು ಮೊದಲೇ ಹೇಳಿದ್ದರು. ಅದನ್ನು ಅವರು ಎತ್ತಿ ಆಡಲಿಲ್ಲ. ಅದು ಅವರ ದೊಡ್ಡತನ. ಪೂರ್ತಿ ಹೆಸರು ಬೇಕೆಂದು ಹಟ ಹಿಡಿದವಳು ನಾನೇ ಎಂಬುದು ನೆನಪಾಗಿ ಕೂಗುವುದನ್ನು ನಿಲ್ಲಿಸಿದೆ.

ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಐದೂವರೆಯ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಂಡಕ್ಟರು “ದುರ್ಗ, ದುರ್ಗ, ದುರ್ಗ” ಎಂದು ಕೂಗುತ್ತಿದ್ದ. ಅಚ್ಚಿನಲ್ಲಿ ಬಿಟ್ಟುಹೋದ ಅರ್ಧ ಅವನ ಬಾಯಲ್ಲಿತ್ತು. ಹತ್ತಿ ಕೀಬೋರ್ಡನ್ನು ಕಾಲಿನ ಸಂದಿಯಲ್ಲಿಟ್ಟು, ಆಹ್ವಾನ ಪತ್ರಿಕೆಯನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಮತ್ತೊಮ್ಮೆ ನೋಡಿದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಕನ್ನಡಕ ಏರಿಸಿಕೊಂಡು ಬಗ್ಗಿ ಓದಿದರು. ಮೊಮ್ಮಗಳು ಓದುವುದು ಅದೇ ಶಾಲೆಯಲ್ಲಂತೆ.

“ಕುಸುಮಾವತಿ!” ಎಂದರು. “ನಾನು ನೋಡೀನಿ ಕಣಮ್ಮ ಈ ಪಿಚ್ಚರ್ನ. ಸಣ್ಣೋಳಿದ್ದಾಗ, ಟೆಂಟಿನಾಗೆ. ಹಾಡೆಲ್ಲ ಎಷ್ಟು ಚೆಂದ ಇದ್ವು ಗೊತ್ತಾ?”

ಅಂಥ ಚಿತ್ರವೇ ಇಲ್ಲ ಎನ್ನಲು ನನಗೆ ಶಕ್ತಿ ಉಳಿದಿರಲಿಲ್ಲ. ಅವರು ಕಿಟಕಿಯ ಆಚೆ ನೋಡುತ್ತ ಸೆರಗಿನಿಂದ ಮೂಗು ಒರೆಸಿಕೊಂಡರು.

“ನಾ ಅವತ್ತು ಭಾಳ ಅತ್ತಿದ್ದೆ. ಪಾಪ, ಕೊನೀಗೆ ಅವಳು ಸಾಯ್ತಾಳೆ.”

“ಸಾಯಲ್ಲಮ್ಮ!” ಎಂದೆ. ದನಿ ಎಷ್ಟು ಜೋರಾಗಿತ್ತೆಂದರೆ ಕಂಡಕ್ಟರು ತಿರುಗಿ ನೋಡಿದ.

ಅವರು ನನ್ನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. “ಹಂಗಾರೆ ನೀವೂ ನೋಡೀರಿ,” ಎಂದು ಸಮಾಧಾನದಿಂದ ಹಿಂದಕ್ಕೆ ಒರಗಿದರು.