ಸುಬ್ಬಮ್ಮನವರ ಡ್ರಮ್ಮು, ಮಂಚಯ್ಯನವರ ಕಡಲು

ಭಾನುವಾರ ಬೆಳಿಗ್ಗೆ ಕಸ ಗುಡಿಸಲು ಹಾಲ್‌ಗೆ ಬಂದ ಯಶೋಧರಾಗೆ ಅಂಗಾಲು ತಣ್ಣಗಾಯಿತು. ಪೊರಕೆ ಹಿಡಿದೇ ಬಗ್ಗಿ ನೋಡಿದಳು. ಸೋಫಾದ ಅಡಿಯಿಂದ ನೀರು ಸದ್ದಿಲ್ಲದೆ ಟೈಲ್ಸಿನ ಮೇಲೆ ಹರಡಿಕೊಂಡು ಬರುತ್ತಿತ್ತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಉಪ್ಪು.

“ಅಪ್ಪಾ, ತೊಟ್ಟಿ ಸೋರ್ತಾ ಐತೆ!”

ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಮಂಚಯ್ಯನವರು ಬಾಯಿ ತುಂಬ ನೊರೆಯೊಂದಿಗೇ ಓಡಿ ಬಂದರು.

ಚನ್ನರಾಯಪಟ್ಟಣದ ಆ ಹೊಸ ಬಡಾವಣೆಯಲ್ಲಿ ನಾಯಿ ಸಾಕಿದವರಿದ್ದಾರೆ, ಪಾರಿವಾಳ ಸಾಕಿದವರಿದ್ದಾರೆ. ಮನೆಯೊಳಗೆ ಕಡಲು ಸಾಕಿಕೊಂಡವರು ಮಂಚಯ್ಯನವರೊಬ್ಬರೇ. ಹಾಸನದಿಂದ ಘಾಟಿ ಇಳಿದು ಮಂಗಳೂರಿಗೆ ಹೋಗುವ ಸರ್ಕಾರಿ ಬಸ್ಸನ್ನು ಆಯುಷ್ಯದ ಅರ್ಧ ಓಡಿಸಿದವರು ಅವರು. ಮಂಗಳೂರು ತಲುಪಿದ ಮೇಲೆ ಉಳಿದ ಡ್ರೈವರುಗಳು ಊಟ ಮಾಡಿ ಕಾಲು ಚಾಚುತ್ತಿದ್ದರೆ, ಈ ಮನುಷ್ಯ ಸಿಟಿ ಬಸ್ಸು ಹತ್ತಿ ಸೋಮೇಶ್ವರದ ಬಂಡೆಗಳ ಹತ್ತಿರ ಹೋಗಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಇಳಿತದ ಹೊತ್ತಿನಲ್ಲಿ ಗುಂಡಿಗಳಲ್ಲಿ ನಿಂತ ನೀರನ್ನು ಇಣುಕಿ ನೋಡುತ್ತಿದ್ದರು. ಒಂದು ದಿನ ಅಂಥ ಗುಂಡಿಯಲ್ಲಿ ಒಂದು ಹೂವು ಕಂಡಿತು. ಇವರ ನೆರಳು ಬಿದ್ದೊಡನೆ ಮುದುಡಿತು, ನೆರಳು ಸರಿದೊಡನೆ ಅರಳಿತು. ಅದು ಹೂವಲ್ಲ, ಪ್ರಾಣಿ, ಬಂಡೆಗೆ ಪಾದ ಊರಿಕೊಂಡು ಬದುಕುವ ಜೀವ ಎಂದು ಅಲ್ಲಿಯ ಬೆಸ್ತರೊಬ್ಬರು ಹೇಳಿದರು. ಅಷ್ಟೇ ಸಾಕಾಯಿತು. ಹೆಂಡತಿ ದೊಡ್ಡತಾಯಮ್ಮ ಇವತ್ತಿಗೂ ಹೇಳುವುದುಂಟು, “ನಿಮ್ಮಪ್ಪ ಮದ್ವೇಲೂ ನನ್ನ ಇಷ್ಟೊತ್ತು ನೋಡಿರ್ನಿಲ್ಲ ಕಣವ್ವ.”

ನಿವೃತ್ತಿಯಾದ ಮೇಲೆ ಹಾಸನದಲ್ಲಿ ಗಾಜು ಕುಯ್ಯಿಸಿ ತಂದು ತೊಟ್ಟಿಯನ್ನು ತಾವೇ ಅಂಟಿಸಿದರು. ಅಂಗಡಿಯಿಂದ ಉಪ್ಪಿನ ಪುಡಿ ತಂದು ಕಲಸಬಹುದಿತ್ತು. ಊಹೂಂ, ಕಡಲ ನೀರೇ ಆಗಬೇಕು. ಹಳೆಯ ಸಂಗಾತಿಗಳು ಬಸ್ಸಿನ ಡಿಕ್ಕಿಯಲ್ಲಿ ಕ್ಯಾನುಗಳನ್ನು ಇಟ್ಟುಕೊಂಡು ಬರುತ್ತಾರೆ. “ಮಂಚಣ್ಣನ ಸಮುದ್ರಕ್ಕೂ ಒಂದು ಟಿಕೆಟ್ ಹರೀಬೇಕು” ಎಂದು ಕಂಡಕ್ಟರುಗಳು ರೇಗಿಸುತ್ತಾರೆ. ಆ ತೊಟ್ಟಿಯಲ್ಲಿ ಈಗ ಊಟದ ತಟ್ಟೆಯಗಲ ಬೆಳೆದ ಒಂದು ಕಡಲ ಹೂವಿದೆ. ಅದರ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಯ ಎರಡು ಮೀನು ಸಂಸಾರ ಹೂಡಿವೆ. ಬೆರಳುಗುರಿನಷ್ಟಿದ್ದ ಹೂವನ್ನು ಈ ಗಾತ್ರಕ್ಕೆ ತರಲು ಮಂಚಯ್ಯನವರು ಪಟ್ಟ ಪಾಡನ್ನು ಯಶೋಧರಾ ಕಣ್ಣಾರೆ ಕಂಡಿದ್ದಾಳೆ. ಕರೆಂಟು ಹೋದರೆ ಗಾಳಿಯ ಮೋಟಾರು ನಿಲ್ಲುತ್ತದೆಂದು ನೆಂಟರ ಮದುವೆಗಳನ್ನೇ ಬಿಟ್ಟವರು. ತಾಳ್ಮೆ ಎನ್ನುವುದನ್ನು ಪಾಠ ಮಾಡುವುದು ಸುಲಭ. ಅವಳೇ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ಅವಳಿಗೆ ಗೊತ್ತು.

ಸೋರುತ್ತಿದ್ದುದು ಎಡಗಡೆಯ ಕೆಳಮೂಲೆ. ಗಾಜಿಗೆ ಗಾಜು ಕೂಡುವಲ್ಲಿ ಬಿಳಿಯ ಉಪ್ಪು ಗೆರೆ ಕಟ್ಟಿತ್ತು.

“ಈ ಗೆರೆ ನಾನು ಮೊದ್ಲೇ ನೋಡಿದ್ದೆ ಕಣವ್ವ,” ಎಂದರು ಮಂಚಯ್ಯ. “ಚಳಿಗೆ ಗಾಜು ಬೆವರ್ತದೆ ಅಂತ ಸುಮ್ಕಾದೆ. ಎಂಥ ದಡ್ಡ ನಾನು.”

ಕೊಳಾಯಿ ಸೋರಿದಾಗ ಹಚ್ಚುವ ಅಂಟನ್ನು ಕಲಸಿ ಒತ್ತಿದರು. ಒದ್ದೆ ಗಾಜಿಗೆ ಅದು ಹಿಡಿಯಲಿಲ್ಲ, ಚೂರುಚೂರಾಗಿ ಉದುರಿತು. ಟವೆಲ್ಲು ತುರುಕಿದರು. ಟವೆಲ್ಲು ಕುಡಿಯುವಷ್ಟು ಕುಡಿದು ಉಳಿದದ್ದನ್ನು ಕೆಳಕ್ಕೆ ಬಿಟ್ಟಿತು. ಕೊನೆಗೆ ಬಕೆಟ್ಟು ಇಟ್ಟರು. ಮೀನುಗಳೇನೋ ಇನ್ನೊಂದು ಬಕೆಟ್ಟಿಗೆ ಸುಲಭವಾಗಿ ಬಂದವು. ತೊಂದರೆಯಿದ್ದುದು ಹೂವಿನದು. ಅದು ಒರಳಿನಷ್ಟು ದಪ್ಪದ ಕಲ್ಲಿಗೆ ಪಾದ ಕಚ್ಚಿಕೊಂಡಿತ್ತು. ಎಳೆದರೆ ಪಾದ ಹರಿದು ಸಾಯುತ್ತದೆ. ಕಲ್ಲು ಸಮೇತ ಎತ್ತೋಣವೆಂದರೆ ಮನೆಯ ಯಾವ ಬಕೆಟ್ಟಿಗೂ ಅದು ಹಿಡಿಸುವುದಿಲ್ಲ. ಬಟ್ಟೆ ನೆನೆಸುವ ಟಬ್ಬಿಗೆ ಸೋಪು ಹತ್ತಿದೆ. ಕಡಲ ನೀರಿನ ಮುಂದಿನ ಕ್ಯಾನು ಬರುವುದು ಬುಧವಾರದ ಬಸ್ಸಿಗೆ. ಇರುವ ನೀರು ನೆಲದ ಪಾಲಾದರೆ ಹೂವು ಸತ್ತಂತೆಯೇ. ದೊಡ್ಡತಾಯಮ್ಮ ಸಾಲಗಾಮೆಗೆ ತಂಗಿಯ ಮನೆಗೆ ಹೋಗಿದ್ದರಿಂದ ಬೈಯುವವರೂ ಇರಲಿಲ್ಲ, ಉಪಾಯ ಹೇಳುವವರೂ ಇರಲಿಲ್ಲ.

ನೀರು ಬೀದಿಗೆ ಹರಿದದ್ದನ್ನು ಕಂಡು ಮೊದಲು ಬಂದವರು ಎದುರುಮನೆ ಸುಬ್ಬಮ್ಮನವರು. ಬಾಗಿಲಲ್ಲೇ ನಿಂತು ಸಂಗತಿ ಕೇಳಿಕೊಂಡರು, “ಅಗಲವಾದ ಪಾತ್ರೆ ತಾನೆ? ತಡಿ” ಎಂದು ಹೋದರು. ಸ್ವಲ್ಪ ಹೊತ್ತಿಗೆ ಅವರೂ ಸೊಸೆ ಸೌಜನ್ಯಳೂ ಒಂದೊಂದು ಕಡೆ ಹಿಡಿದುಕೊಂಡು ಏದುಸಿರು ಬಿಡುತ್ತ ತಂದದ್ದು ತಾಮ್ರದ ಹಂಡೆ. ಹಬ್ಬಕ್ಕೆ ಮಾತ್ರ ಹೊರಬರುವಂಥದ್ದು, ಹುಣಸೆಹಣ್ಣು ಹಾಕಿ ಬೆಳಗಿ ಥಳಥಳ ಅನ್ನುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಈ ಎರಡು ಮನೆಯವರೂ ಬಾಗೂರು ಕಡೆಯ ಒಂದೇ ಹಳ್ಳಿಯವರು. ಅಲ್ಲಿ ಸುಬ್ಬಮ್ಮನವರದು ಗೌಡರ ದೊಡ್ಡ ಮನೆ, ಮಂಚಯ್ಯನವರದು ಊರಾಚೆಯ ಕೇರಿ. ಆ ಮನೆಯ ಬಾವಿಗೆ ಮಂಚಯ್ಯನವರ ತಾಯಿಯ ಕೊಡ ಒಂದು ದಿನವೂ ಇಳಿದದ್ದಿಲ್ಲ. ಮೇಲಿನಿಂದ ಯಾರಾದರೂ ಹುಯ್ಯುವವರೆಗೆ ಕಾಯಬೇಕಿತ್ತು. ಪಟ್ಟಣಕ್ಕೆ ಬಂದು ಎರಡು ಮನೆಯೂ ಒಂದೇ ಬೀದಿಯಲ್ಲಿ ಎದ್ದವು. ಸುಬ್ಬಮ್ಮನವರು ಒಳ್ಳೆಯವರೇ, ಬಾಯಿ ತುಂಬ ಮಾತಾಡಿಸುತ್ತಾರೆ. ಆದರೂ ಯಶೋಧರಾಗೆ ಅವರ ಮೇಲಿನ ಮುನಿಸು ಹೋಗಿಲ್ಲ. ಅಜ್ಜಿ ಕಾದದ್ದನ್ನು ಅವಳು ಕಂಡಿರಲಿಲ್ಲ, ಕೇಳಿದ್ದಳು ಅಷ್ಟೆ. ಕೇಳಿದ್ದೇ ಸಾಕಾಗಿತ್ತು.

ಈಗ ಅದೇ ಮನೆಯ ಹಂಡೆ, ಕೇಳದೆಯೇ, ಇವರ ಹಾಲ್‌ನ ಒದ್ದೆ ನೆಲದ ಮೇಲೆ ಬಂದು ಕೂತಿತ್ತು. ಹೂವಿನ ಕಲ್ಲು ಅದರಲ್ಲಿ ಆರಾಮಾಗಿ ಹಿಡಿಸುತ್ತಿತ್ತು.

ಮಂಚಯ್ಯನವರ ಮುಖ ಇಳಿಯಿತು. ತಾಮ್ರ ನಮಗೆ ಎಷ್ಟು ಒಳ್ಳೆಯದೋ ಕಡಲ ಹೂವಿಗೆ ಅಷ್ಟೇ ಕೆಟ್ಟದ್ದು. ಉಪ್ಪುನೀರಿಗೆ ತಾಮ್ರ ಬಿಟ್ಟುಕೊಂಡರೆ ಅದು ವಿಷ.

“ಸುಬ್ಬಮ್ಮಾರೆ, ಇದು ಆಗಕ್ಕಿಲ್ಲ. ಇದು ಬ್ಯಾಡ,” ಎಂದರು.

“ಯಾಕೆ?”

“ತಾಮ್ರ ಅದ್ಕೆ ಆಗ್ಬರಕ್ಕಿಲ್ಲ. ಸತ್ತೋಯ್ತದೆ.”

“ತಾಮ್ರದಾಗೆ ಸಾಯೋದಾ? ನಾವು ತಲೆತಲಾಂತ್ರದಿಂದ ಅದ್ರಾಗೇ ನೀರು ಕುಡುದ್ವಿ, ಯಾರು ಸತ್ರು?” ಸುಬ್ಬಮ್ಮನವರ ದನಿ ತಗ್ಗಿತು. “ನಮ್ಮನೆ ಪಾತ್ರೆ ಬ್ಯಾಡ ಅನ್ನು ಮಂಚಯ್ಯ. ನೇರವಾಗಿ ಏಳು. ನಂಗೂ ಊರು ನೆನಪೈತೆ.”

ಅಷ್ಟು ಹೇಳಿ, ಸೊಸೆಗೆ ಸನ್ನೆ ಮಾಡಿ, ಹಂಡೆ ಎತ್ತಿಸಿಕೊಂಡು ಹೊರಟೇಬಿಟ್ಟರು. ಗೇಟು ದಾಟುವಾಗ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕಾಣಿಸಿತು.

ಯಶೋಧರಾಗೆ ಒಳಗೊಳಗೇ ಖುಷಿಯಾಯಿತು. ಮುಚ್ಚಿಡುವುದೇಕೆ, ಚೆನ್ನಾಗಿಯೇ ಆಯಿತು. ಬೇಡ ಅನ್ನಿಸಿಕೊಂಡರೆ ಹೇಗಿರುತ್ತದೆ ಎಂದು ಆ ಮನೆಗೂ ಒಂದು ಸಲ ಗೊತ್ತಾಗಲಿ.

“ಬಿಡಪ್ಪ, ಅವರಿಗೆ ಹೇಳಿದರೂ ಅರ್ಥ ಆಗಲ್ಲ,” ಎಂದಳು.

ಮಂಚಯ್ಯನವರು ಮಗಳ ಮುಖವನ್ನು ನೋಡಿದರು. ಆ ಖುಷಿ ಅವರಿಗೆ ಕಂಡಿತು, ಅದು ಅವರಿಗೆ ಹಿಡಿಸಲಿಲ್ಲ.

“ಆ ವಯಸ್ನಾಗೆ ಅಂಡೆ ಒತ್ಕೊಂಡು ಬಂದವ್ರೆ. ಬರಿಗೈಲಿ ಕಳ್ಸಿದ್ದು ನಾನು. ಬಾ, ಓಗಿ ಬರಾಣ.”

“ಯಾಕೆ? ಕ್ಷಮೆ ಕೇಳೋಕಾ?”

“ಪಾತ್ರೆ ಕೇಳಾಕೆ. ಅವ್ರ ಮನೇಲಿ ರಾಗಿ ತುಂಬೋ ನೀಲಿ ಡ್ರಮ್ಮೈತೆ. ಪ್ಲಾಸ್ಟಿಕ್ಕು, ಬಾಯಿ ಅಗಲ.”

ಬೇಡ ಎಂದ ಬಾಯಿ ಆರುವ ಮೊದಲೇ ಅದೇ ಮನೆಗೆ ಕೇಳಲು ಹೋಗುವ ಧೈರ್ಯ ಎಷ್ಟು ಜನಕ್ಕಿದೆ? ನಮ್ಮಂಥವರಾದರೆ ಹೂವು ಸತ್ತರೂ ಸರಿ, ಮರ್ಯಾದೆ ಉಳಿಯಲಿ ಎಂದು ಕೂತಿರುತ್ತಿದ್ದೆವು. ಮಂಚಯ್ಯನವರು ಲುಂಗಿ ಬಿಚ್ಚಿ ಪ್ಯಾಂಟು ಹಾಕಿ, ಹೆಗಲಿಗೆ ಒಗೆದ ಟವೆಲ್ಲು ಹೊದ್ದು ಬೀದಿ ದಾಟಿದರು. ಸೋರಿ ಬಕೆಟ್ಟಿನಲ್ಲಿ ತುಂಬಿದ ನೀರನ್ನು ತೊಟ್ಟಿಗೇ ವಾಪಸ್ಸು ಸುರಿದು ಯಶೋಧರಾ ಹಿಂದೆ ಓಡಿದಳು.

ಸುಬ್ಬಮ್ಮನವರು ನಡುಮನೆಯಲ್ಲಿ ಹಂಡೆಯ ಪಕ್ಕದಲ್ಲೇ ಕೂತಿದ್ದರು. ಮಂಚಯ್ಯನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು. ಕೂರಿ ಎಂದು ಯಾರೂ ಹೇಳಲಿಲ್ಲ.

“ಸುಬ್ಬಮ್ಮಾರೆ, ಒಂದು ಮಾತು ಕೇಳಿ. ಇದ್ಕೂ ಮುಂಚೆ ಒಂದು ಊವಿತ್ತು. ನಾನು ತಂದಿದ್ರಲ್ಲಿ ಅದೇ ಮೊದ್ಲು. ಕಡ್ಲ ನೀರು ಬಂದಾಗ, ಒಳ್ಳೇದು ಅಂತವ, ನಮ್ಮವ್ವನ ತಾಮ್ರದ ಬಿಂದಿಗೇಲಿ ತುಂಬಿ ಇಟ್ಟಿದ್ದೆ. ಅದ್ನೇ ತೊಟ್ಟಿಗೆ ಹುಯ್ದೆ. ಊವು ಮುದುಡ್ಕೊಂಡಿದ್ದು ಮತ್ತೆ ಬಿಡ್ನೇ ಇಲ್ಲ. ಕರ್ಗಿ ಓಯ್ತು. ನಾನೇ ಕೊಂದ್ಬುಟ್ಟೆ, ನಮ್ಮವ್ವನ ಬಿಂದಿಗೇಲಿ. ಮನೇಲಿ ಯಾರ್ಗೂ ಏಳ್ಲಿಲ್ಲ.”

ಯಶೋಧರಾ ಬೆರಗಾಗಿ ಅಪ್ಪನನ್ನು ನೋಡಿದಳು. ಆ ಹೂವು ಚಳಿಗೆ ಸತ್ತಿತು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

“ನಾನು ಬ್ಯಾಡ ಅಂದಿದ್ದು ತಾಮ್ರನ. ನಿಮ್ಮನ್ನಲ್ಲ,” ಎಂದರು ಮಂಚಯ್ಯ. “ನಿಮ್ಮ ರಾಗಿ ಡ್ರಮ್ಮು ಕೊಡಿ. ಅದು ಸಿಕ್ರೆ ಊವು ಉಳೀತದೆ.”

ಸುಬ್ಬಮ್ಮನವರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

“ಮದ್ಲೇ ಇಂಗೆ ಬಿಡಿಸಿ ಏಳಕ್ಕೇನಾಗಿತ್ತು ನಿಂಗೆ? ಬಾ ಒಳಕ್ಕೆ.”

ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಡ್ರಮ್ಮು ನಿಂತಿತ್ತು. ಸೌಜನ್ಯ ಜಮಖಾನ ಹಾಸಿದಳು. ವರ್ಷದ ರಾಗಿ, ಬೇವಿನ ಸೊಪ್ಪಿನ ಸಮೇತ. ಮೊರದಲ್ಲಿ ತೋಡಿದರು, ಸೇರಿನಲ್ಲಿ ತೋಡಿದರು, ಆಮೇಲೆ ಡ್ರಮ್ಮನ್ನು ಓರೆ ಮಾಡಿ ಮಂಚಯ್ಯನವರು ಭುಜದವರೆಗೆ ಕೈ ತೂರಿಸಿ ಬಾಚಿದರು. ಆ ಮನೆಯ ಕಾಳಿನೊಳಗೆ ಅಪ್ಪನ ಕೈ ಓಡಾಡುವುದನ್ನು ಯಶೋಧರಾ ನೋಡುತ್ತ ನಿಂತಳು.

ತಳದಲ್ಲಿ ಒಂದು ಬೊಗಸೆಯಷ್ಟು ಉಳಿದಾಗ ಸುಬ್ಬಮ್ಮನವರು ಕೈ ಅಡ್ಡ ಹಿಡಿದರು.

“ತಡಿ.”

ಕಾಳು ತುಂಬುವ ಪಾತ್ರೆಯನ್ನು ಪೂರ್ತಿ ಬರಿದು ಮಾಡುವ ಪದ್ಧತಿ ನಮ್ಮ ಕಡೆ ಇಲ್ಲ. ಹೊಸ ರಾಗಿ ತುಂಬುವಾಗಲೂ ತಳದಲ್ಲಿ ಹಳೆಯದು ಒಂದಿಷ್ಟು ಇರಲೇಬೇಕು. ಅದು ಮನೆಯ ಲಕ್ಷ್ಮಿ. ಸುಬ್ಬಮ್ಮನವರು ಮದುವೆಯಾಗಿ ಬಂದಾಗಿನಿಂದ, ಮಣ್ಣಿನ ವಾಡೆ ಹೋಗಿ ಡ್ರಮ್ಮು ಬಂದಾಗಲೂ ಆ ತಳದ ಬೊಗಸೆ ಖಾಲಿಯಾಗಿರಲಿಲ್ಲ.

ಮಂಚಯ್ಯನವರು ಹುಟ್ಟಿದ್ದೂ ಅದೇ ಊರಿನಲ್ಲಿ, ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಮೆಲ್ಲಗೆ ಕೈ ಹೊರಗೆ ತೆಗೆದು ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದರು.

“ಬ್ಯಾಡ ಬಿಡಿ. ನಂಗೆ ಒಳೀಲಿಲ್ಲ ಇದು. ನಿಮ್ಮನೆ ಬರಿದು ಮಾಡಿ ನನ್ನ ಊವು ಉಳೀಬ್ಯಾಡ. ಬ್ಯಾರೆ ಎಲ್ಲಾರಾ ಕೇಳ್ತೀನಿ.”

ಬೇರೆ ಎಲ್ಲೂ ಇಲ್ಲ ಎಂದು ಯಶೋಧರಾಗೆ ಗೊತ್ತಿತ್ತು. ಅತ್ತ ತೊಟ್ಟಿಯ ನೀರು ಇಳಿಯುತ್ತಿತ್ತು. ಆದರೂ ಅಪ್ಪ ಬೇಡ ಎಂದದ್ದು ಬರಿ ಬಾಯಿಮಾತಿಗಲ್ಲ, ಹೊರಡಲು ತಿರುಗಿಯೇಬಿಟ್ಟರು. ತನ್ನ ಅಪ್ಪನ ಬಗ್ಗೆ ಅವಳಿಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಅಷ್ಟು ಸಂಕಟವೂ ಆಗಿರಲಿಲ್ಲ.

“ನಿಂತ್ಕೊ ಮಂಚಯ್ಯ.”

ಸುಬ್ಬಮ್ಮನವರು ಡ್ರಮ್ಮನ್ನು ಮತ್ತೆ ಓರೆ ಮಾಡಿಸಿ, ತಾವೇ ಬಗ್ಗಿ, ಆ ಕೊನೆಯ ರಾಗಿಯನ್ನು ಬೊಗಸೆಯಲ್ಲಿ ತೆಗೆದರು. ಸೊಸೆ ಸೆರಗೊಡ್ಡಿ ನಿಂತಿದ್ದಳು. ಅತ್ತೆ ಅತ್ತ ನೋಡಲಿಲ್ಲ.

“ಟವಲ್ ಒಡ್ಡು. ಡ್ರಮ್ಮು ಎಲ್ಲಿರ್ತದೋ ಇದೂ ಅಲ್ಲೇ ಇರ್ಬೇಕು. ಡ್ರಮ್ಮು ನಿಮ್ಮನೇಲಿರಾಗಂಟ ಇದೂ ನಿಮ್ಮನೇಲಿರ್ಲಿ.”

ಮಂಚಯ್ಯನವರು ಎರಡು ಕೈಯಲ್ಲಿ ಟವೆಲ್ಲು ಹಿಡಿದರು. ಸುಬ್ಬಮ್ಮನವರು ಕೈಯನ್ನು ಟವೆಲ್ಲಿನವರೆಗೂ ಇಳಿಸಿ, ಬಟ್ಟೆಗೆ ತಾಕಿಸಿ, ರಾಗಿ ಬಿಟ್ಟರು. ಮರುಗಳಿಗೆಯೇ ಗದರಿದರು, “ಇನ್ನೇನು ನಿಂತ್ಕೊಂಡು ನೋಡ್ತೀಯ, ಓಡು, ಅದು ಸತ್ತೋದಾತು!”

ಡ್ರಮ್ಮನ್ನು ಒರೆಸಿ ತೊಳೆದು, ತೊಟ್ಟಿಯ ನೀರನ್ನು ಅದಕ್ಕೆ ತುಂಬಿ, ಕಲ್ಲನ್ನು ಅಪ್ಪ ಮಗಳು ಇಬ್ಬರೂ ಹಿಡಿದು ಇಳಿಸಿದರು. ಹೂವು ಮುಷ್ಟಿಯಷ್ಟಾಗಿ ಮುದುಡಿತ್ತು. ಮೀನುಗಳನ್ನು ಡ್ರಮ್ಮಿಗೆ ಬಿಟ್ಟಾಗ ಅವು ಅದರ ಸುತ್ತ ಸುತ್ತಿದವು, ಒಳಗೆ ಹೋಗಲು ಜಾಗವಿರಲಿಲ್ಲ. ಮಾರನೆಯ ದಿನವೂ ಹಾಗೆಯೇ ಇತ್ತು. ಮಂಚಯ್ಯನವರು ಊಟ ಮಾಡಿದ್ದನ್ನು ಯಶೋಧರಾ ಕಾಣಲಿಲ್ಲ. ಸುಬ್ಬಮ್ಮನವರು ಹೊತ್ತುಹೊತ್ತಿಗೆ ಬಂದು ಡ್ರಮ್ಮಿನೊಳಗೆ ಇಣುಕಿ, “ಏನಂತೆ ಅಮ್ಮಣ್ಣಿ?” ಎಂದು ಹೂವನ್ನೇ ಕೇಳುತ್ತಿದ್ದರು. ಬುಧವಾರ ಬಸ್ಸಿನಲ್ಲಿ ಹೊಸ ನೀರು ಬಂದ ಮೇಲೆ ಒಂದು ಎಸಳು ಬಿಚ್ಚಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಹೂವು ಅರಳಿ, ಮೀನುಗಳು ಒಳಗೆ ಸೇರಿಕೊಂಡವು.

ತೊಟ್ಟಿಯ ಹಳೆಯ ಅಂಟನ್ನು ಕೆರೆದು, ಹೊಸ ಅಂಟು ಹಾಕಿ, ಅದು ಚೆನ್ನಾಗಿ ಒಣಗುವವರೆಗೆ ಕಾದು, ನೀರು ತುಂಬಿ ಪರೀಕ್ಷೆ ಮಾಡಿದ್ದಾಯಿತು. ಹೂವು ಮನೆ ಸೇರಿತು. ಡ್ರಮ್ಮನ್ನು ಉಪ್ಪಿನ ವಾಸನೆ ಹೋಗುವವರೆಗೆ ತಿಕ್ಕಿ ಬಿಸಿಲಿಗಿಟ್ಟು, ಅಪ್ಪ ಮಗಳು ಎದುರುಮನೆಗೆ ಹೊತ್ತರು. ಟವೆಲ್ಲಿನ ಗಂಟು ಮಂಚಯ್ಯನವರ ಹೆಗಲಲ್ಲಿತ್ತು.

ಕೋಣೆಯಲ್ಲಿ ಡ್ರಮ್ಮು ನಿಲ್ಲಿಸಿ ಗಂಟು ಮುಂದೆ ಹಿಡಿದರು. ಸುಬ್ಬಮ್ಮನವರು ಕೈ ಒಡ್ಡಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ನೀವೇ ಆಕಿ ಮಂಚಯ್ಯೋರೆ. ಕಾಪಾಡಿದೋರು ನೀವು ತಾನೆ.”

ಮಂಚಯ್ಯನವರು ಗಂಟು ಬಿಚ್ಚಿದರು. ಮಂಜು ಮುಸುಕಿದ ಘಾಟಿಯಲ್ಲೂ ದಾರಿ ಕಂಡ ಕಣ್ಣು ಅವು, ಅವಕ್ಕೆ ಈಗ ಡ್ರಮ್ಮಿನ ಬಾಯಿ ಸರಿಯಾಗಿ ಕಾಣಲಿಲ್ಲ. ರಾಗಿ ಒಂದಿಷ್ಟು ಡ್ರಮ್ಮಿಗೆ ಬಿತ್ತು, ಒಂದಿಷ್ಟು ನೆಲದ ಮೇಲೆಲ್ಲ ಚೆಲ್ಲಿತು. ಅವರು ಕಣ್ಣೊರೆಸಿಕೊಳ್ಳುತ್ತ ಅಲ್ಲೇ ನಿಂತುಬಿಟ್ಟರು. ಸುಬ್ಬಮ್ಮನವರು ನೆಲದ ಮೇಲೆ ಕೂತು ಒಂದೊಂದೇ ಕಾಳು ಆಯತೊಡಗಿದರು. ಯಶೋಧರಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವರ ಪಕ್ಕದಲ್ಲಿ ಕೂತು ತಾನೂ ಆಯ್ದಳು.